ಹಳೆ ಗಾಡಿಗೆ ಹೊಸ ಫ್ಯೂಸ್ ಬ್ಲಾಕ್: ಮೊದಲು ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ

ಹಳೆ ಗಾಡಿ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ರಾತ್ರಿ ಹೋಗುತ್ತಿರುವಾಗ ಒಂದು ಕಡೆಯ ಹೆಡ್‌ಲೈಟ್ ಮಂಕಾಗುತ್ತದೆ, ಇಲ್ಲಾ ಮಳೆಯಲ್ಲಿ ವೈಪರ್ ಅರ್ಧಕ್ಕೇ ನಿಲ್ಲುತ್ತದೆ. ಗಾಡಿ ಬದಿಗೆ ಹಾಕಿ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರೆ ಯಾವ ಫ್ಯೂಸೂ ಸುಟ್ಟಿರುವುದಿಲ್ಲ. ಆ ಲೈಟಿನ ಫ್ಯೂಸನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ ಕೂಡಲೇ ಲೈಟು ಮತ್ತೆ ಉರಿಯುತ್ತದೆ. ಒಂದೆರಡು ವಾರ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕತೆ.

ಇಂಥ ಗಾಡಿಗೆ ಹೊಸ ಫ್ಯೂಸ್ ಬ್ಲಾಕ್, ಅಂದರೆ ಫ್ಯೂಸುಗಳನ್ನೆಲ್ಲ ಒಟ್ಟಿಗೆ ಹಿಡಿದಿಡುವ ಹೊಸ ಪೆಟ್ಟಿಗೆ, ಹಾಕಿಬಿಡೋಣ ಅನ್ನಿಸುವುದು ಸಹಜ. ಹಾಕಬಹುದು. ತಾಳ್ಮೆ ಇದ್ದರೆ ಮನೆಯಲ್ಲೇ ಹಾಕಬಹುದು. ಆದರೆ ತುಂಬಾ ಜನ ತಪ್ಪು ತುದಿಯಿಂದ ಶುರು ಮಾಡುತ್ತಾರೆ. ಎಷ್ಟು ಫ್ಯೂಸ್ ಹಿಡಿಸುವ ಬ್ಲಾಕ್ ತಗೊಳ್ಳಲಿ ಅಂತ ಮೊದಲೇ ಕೇಳುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈಗಿರುವ ಒಂದೊಂದು ಫ್ಯೂಸಿಗೂ ಕರೆಂಟ್ ಎಲ್ಲಿಂದ ಬರುತ್ತಿದೆ, ಅಲ್ಲಿಂದ ಎಲ್ಲಿಗೆ ಹೋಗುತ್ತಿದೆ, ಇದು ಗೊತ್ತಾದರೆ ಉಳಿದದ್ದು ಕೈಕೆಲಸ. ಇದು ಗೊತ್ತಿಲ್ಲದೆ ಕೈ ಹಾಕಿದರೆ ಎಷ್ಟು ಒಳ್ಳೆ ಬ್ಲಾಕ್ ತಂದರೂ ಗಾಡಿ ಮೊದಲಿಗಿಂತ ಕೆಡುತ್ತದೆ.

ಅದಕ್ಕೆ ಮುಂಚೆ, ಹಳೆ ಬಾಕ್ಸ್ ಯಾಕೆ ಕೈ ಕೊಡುತ್ತದೆ ಅನ್ನುವುದನ್ನು ನೋಡೋಣ.

ಹಳೆ ಬಾಕ್ಸಿನಲ್ಲಿ ಫ್ಯೂಸನ್ನು ಹಿಡಿದಿರುವುದು ಎರಡು ಹಿತ್ತಾಳೆಯ ಕ್ಲಿಪ್. ಗಾಜಿನ ಫ್ಯೂಸಿನ ಲೋಹದ ಟೊಪ್ಪಿ ಆ ಕ್ಲಿಪ್ಪಿಗೆ ತಾಗುವ ಜಾಗ ತೀರಾ ಸಣ್ಣದು. ವರ್ಷಗಳು ಕಳೆದಂತೆ ಅಲ್ಲಿ ಕಿಲುಬು ಕಟ್ಟುತ್ತದೆ, ಕ್ಲಿಪ್ಪಿನ ಬಿಗಿ ಹೋಗುತ್ತದೆ. ಕಿಲುಬು ಅಂದರೆ ಕರೆಂಟಿಗೆ ಅಡ್ಡಿ. ಆ ಅಡ್ಡಿ ಬರೀ 0.05 ಓಮ್ ಇದೆ ಅಂದುಕೊಳ್ಳಿ, ಸಾದಾ ಮಲ್ಟಿಮೀಟರಿನಲ್ಲಿ ಅಷ್ಟು ಚಿಕ್ಕದನ್ನು ನಂಬಿಕೆಯಿಂದ ಅಳೆಯೋಕೂ ಆಗಲ್ಲ. ಅದರ ಮೂಲಕ 10 ಆಂಪ್ ಹರಿದರೆ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 5 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ನಂಬರ್ ಪ್ಲೇಟಿನ ಮೇಲೆ ಉರಿಯುವ ಪುಟ್ಟ ಬಲ್ಬು ಎಷ್ಟು ವ್ಯಾಟ್? ಅದೇ 5. ಅಂಥದೊಂದು ಬಲ್ಬು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಒಂದು ಫ್ಯೂಸಿನ ತುದಿಯಲ್ಲಿ ಗಂಟೆಗಟ್ಟಲೆ ಉರಿಯುತ್ತಿದೆ ಅಂತ ಲೆಕ್ಕ.

ಆ ಬಿಸಿಗೆ ಕ್ಲಿಪ್ಪಿನ ಬಿಗಿ ಇನ್ನಷ್ಟು ಹೋಗುತ್ತದೆ. ಬಿಗಿ ಹೋದಷ್ಟೂ ಅಡ್ಡಿ ಜಾಸ್ತಿ, ಅಡ್ಡಿ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ಕೊನೆಗೆ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗುತ್ತದೆ. ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಫ್ಯೂಸ್ ಕೆಲಸ ಮಾಡುವುದೇ ಬಿಸಿಯಿಂದ, ಒಳಗಿನ ತಂತಿ ಕರಗುವಷ್ಟು ಬಿಸಿಯಾದಾಗ ಅದು ಹೋಗುತ್ತದೆ. ಕ್ಲಿಪ್ಪೇ ಬಿಸಿ ಇದ್ದರೆ 10 ಆಂಪಿನ ಫ್ಯೂಸ್ 8 ಆಂಪಿಗೇ ಹೋಗಬಹುದು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 15 ಹಾಕುತ್ತಾರೆ, ಅದೂ ಹೋದರೆ 20. ತಪ್ಪು ಇದ್ದದ್ದು ಕ್ಲಿಪ್ಪಿನಲ್ಲಿ, ಈಗ ಅಪಾಯ ಬಂದದ್ದು ವೈರಿಗೆ.

ಇದನ್ನು ಬಿಡಿಸಿ ಹೇಳಬೇಕು. ಫ್ಯೂಸ್ ಇರುವುದು ಹೆಡ್‌ಲೈಟನ್ನೋ ರೇಡಿಯೋವನ್ನೋ ಕಾಪಾಡೋಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಫ್ಯೂಸ್ ಇರುವುದು ವೈರನ್ನು ಕಾಪಾಡೋಕೆ. ವೈರು ಎಲ್ಲೋ ಉಜ್ಜಿ ಗಾಡಿಯ ಲೋಹದ ಬಾಡಿಗೆ ತಾಗಿದಾಗ ಬ್ಯಾಟರಿ ನೂರಾರು ಆಂಪ್ ಸುರಿಯುತ್ತದೆ. ಆಗ ವೈರು ಕೆಂಪಗೆ ಕಾಯುವ ಮುಂಚೆ ಫ್ಯೂಸ್ ಕರಗಬೇಕು. ಅಷ್ಟೇ ಅದರ ಕೆಲಸ. ಸುಟ್ಟ ಫ್ಯೂಸಿಗೆ ಬೇಗಡೆ ಸುತ್ತಿ ಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಗಾಡಿಯಲ್ಲಿ ನೋಡಿದ್ದೇನೆ. ಹಾಗೆ ಮಾಡಿದ ದಿನದಿಂದ ಆ ಗಾಡಿಯಲ್ಲಿ ಫ್ಯೂಸ್ ಅಂದರೆ ಆ ವೈರೇ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಒಂದು ಕಿಲೋಮೀಟರ್ ದೂರಕ್ಕೂ ಬೇಡ.

ಹಳೆಯ ಫ್ಯೂಸುಗಳಲ್ಲಿ ಹಲವು ಜಾತಿ ಇವೆ, ಅವನ್ನು ಓದುವುದರಲ್ಲೇ ಮೋಸ ಹೋಗಬಹುದು. ಅಮೆರಿಕದ ಹಳೆ ಗಾಡಿಗಳಲ್ಲಿ ಬಂದ ಎಸ್‌ಎಫ್‌ಇ ಅನ್ನುವ ಗಾಜಿನ ಫ್ಯೂಸುಗಳಲ್ಲಿ ಆಂಪ್ ಬದಲಾದಂತೆ ಉದ್ದವೂ ಬದಲಾಗುತ್ತಿತ್ತು, ತಪ್ಪು ಫ್ಯೂಸ್ ಆ ಜಾಗದಲ್ಲಿ ಕೂರಲೇಬಾರದು ಅಂತ. ಒಳ್ಳೆಯ ಯೋಚನೆ ಅದು. ಲೂಕಸ್ (ಗಾಡಿಗಳ ವಿದ್ಯುತ್ ಸಾಮಾನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ) ವೈರಿಂಗ್ ಇರುವ ಬ್ರಿಟಿಷ್ ಗಾಡಿಗಳ ವಿಷಯ ಬೇರೆ. ಅಲ್ಲಿ ಗಾಜಿನ ಫ್ಯೂಸಿನ ಮೇಲೆ 35 ಅಂತ ಬರೆದಿದ್ದರೆ, ಅದು ಹೋಗುವ ಆಂಪ್. ನಿರಂತರವಾಗಿ ತಾಳುವುದು ಅದರ ಅರ್ಧ, ಅಂದರೆ ಸುಮಾರು 17. ಹಳೆಯದರಲ್ಲಿ 35 ಇತ್ತಲ್ಲಾ ಅಂತ ಹೊಸ ಬ್ಲಾಕಿನಲ್ಲಿ 35ರ ಹತ್ತಿರದ್ದು ಹಾಕಿದರೆ, ಮೊದಲಿದ್ದ ಕಾವಲನ್ನು ಅರ್ಧಕ್ಕೆ ಇಳಿಸಿದ ಹಾಗೆ.

ಯುರೋಪಿನ ಹಳೆ ಗಾಡಿಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ, ಎರಡೂ ತುದಿ ಚೂಪಾಗಿರುವ ಪಿಂಗಾಣಿ ಫ್ಯೂಸ್ ಇರುತ್ತದೆ. ಇದರಲ್ಲಿ ಬಣ್ಣವೇ ಗುರುತು. ಹಳದಿ 5, ಬಿಳಿ 8, ಕೆಂಪು 16, ನೀಲಿ 25. ಈಗ ಇದನ್ನು ಇವತ್ತಿನ ಬ್ಲೇಡ್ ಫ್ಯೂಸಿನ ಬಣ್ಣಗಳ ಪಕ್ಕ ಇಟ್ಟು ನೋಡಿ. ಬ್ಲೇಡಿನಲ್ಲಿ ತಿಳಿ ಕಂದು 5, ಕಡು ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಪಿಂಗಾಣಿಯ ಹಳದಿ 5 ಆಂಪ್, ಬ್ಲೇಡಿನ ಹಳದಿ 20 ಆಂಪ್! ಬಣ್ಣಕ್ಕೆ ಬಣ್ಣ ಹೊಂದಿಸಿ ಹಾಕಿದರೆ ಎಳೆಯಷ್ಟು ತೆಳುವಾದ ವೈರಿನ ಮೇಲೆ ನಾಲ್ಕು ಪಟ್ಟು ದೊಡ್ಡ ಫ್ಯೂಸ್ ಕೂತುಬಿಡುತ್ತದೆ.

ಬ್ಲೇಡ್ ಫ್ಯೂಸ್ ಬಂದದ್ದು 1976ರಲ್ಲಿ, ಲಿಟಲ್‌ಫ್ಯೂಸ್ ಕಂಪನಿಯಿಂದ. ಅದರ ಎರಡು ಚಪ್ಪಟೆ ಕಾಲುಗಳನ್ನು ಸ್ಪ್ರಿಂಗ್ ಇರುವ ಸಂದು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ತಾಗುವ ಜಾಗ ಹೆಚ್ಚು, ಬಿಗಿ ಹೆಚ್ಚು, ಒಳಗಿನ ತಂತಿ ಹೋಗಿದೆಯೋ ಇಲ್ಲವೋ ಹೊರಗಿಂದಲೇ ಕಾಣುತ್ತದೆ. ಎಲ್ಲ ಕಡೆ ಸಿಗುತ್ತದೆ. ಬದಲಾಯಿಸೋಕೆ ಇಷ್ಟೇ ಕಾರಣ ಸಾಕು.

ಆದರೂ ಒಂದು ಮಾತು. ನಿಮ್ಮ ಬಾಕ್ಸಿನ ಪ್ಲಾಸ್ಟಿಕ್ ಗಟ್ಟಿಯಾಗಿದ್ದರೆ, ಕ್ಲಿಪ್ಪುಗಳಲ್ಲಿ ಇನ್ನೂ ಜೀವ ಇದ್ದರೆ, ಮೊದಲು ಅದನ್ನೇ ಉಳಿಸಿಕೊಳ್ಳಲು ನೋಡಿ. ಬ್ಯಾಟರಿ ಬಿಚ್ಚಿ, ಕ್ಲಿಪ್ಪನ್ನು ನಯವಾದ ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಮೆಲ್ಲಗೆ ಒಳಕ್ಕೆ ಬಗ್ಗಿಸಿ, ಹೊಸ ಫ್ಯೂಸ್ ಹಾಕಿ. ಹಿಂದೆ ಇರುವ ಜೋಡಣೆಗಳನ್ನೂ ಮರೆಯಬೇಡಿ, ಅರ್ಧ ಸಲ ಕಿಲುಬು ಇರುವುದು ಅಲ್ಲೇ. ಇಷ್ಟಕ್ಕೇ ಸರಿಹೋಗುವ ಗಾಡಿಗಳು ಬಹಳ ಇವೆ. ಪ್ಲಾಸ್ಟಿಕ್ ಕರಗಿದ್ದರೆ, ಕ್ಲಿಪ್ ಮುರಿದಿದ್ದರೆ, ಅಥವಾ ಇಡೀ ಗಾಡಿಗೆ ಇರುವುದೇ ಎರಡು ಫ್ಯೂಸ್ ಆಗಿದ್ದರೆ ಆಗ ಬದಲಾಯಿಸುವುದೇ ಸರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿಯಲ್ಲಿ ಫ್ಯೂಸಿಗೆ ಕರೆಂಟ್ ಬರುವುದು ಮೂರು ಬಗೆಯಲ್ಲಿ. ಒಂದು, ಸದಾ ಇರುವುದು: ಬ್ಯಾಟರಿಯಿಂದ ನೇರವಾಗಿ ಬರುತ್ತದೆ, ಕೀ ತೆಗೆದರೂ ಇರುತ್ತದೆ. ಹಾರ್ನು, ಒಳಗಿನ ದೀಪ, ಎಮರ್ಜೆನ್ಸಿ ಲೈಟು ಸಾಮಾನ್ಯವಾಗಿ ಇದರಲ್ಲಿ. ಎರಡು, ಕೀ ತಿರುಗಿಸಿದ ಮೇಲೆ ಬರುವುದು: ವೈಪರ್, ಬ್ಲೋವರ್, ಇಂಡಿಕೇಟರ್, ಮೀಟರುಗಳು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಇನ್ನೊಂದು ಸ್ವಿಚ್ಚನ್ನು ದಾಟಿ ಬರುವುದು. ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಫ್ಯೂಸ್ ಎಷ್ಟೋ ಸಲ ಲೈಟ್ ಸ್ವಿಚ್ಚಿಗಿಂತ ಮುಂಚೆ ಇರುವುದಿಲ್ಲ, ಲೈಟ್ ಸ್ವಿಚ್ಚೂ ಡಿಪ್ಪರ್ ಸ್ವಿಚ್ಚೂ ದಾಟಿದ ಮೇಲೆ ಇರುತ್ತದೆ. ಎಡಗಡೆ ಹೈ ಬೀಮ್, ಬಲಗಡೆ ಹೈ ಬೀಮ್, ಎಡಗಡೆ ಲೋ, ಬಲಗಡೆ ಲೋ ಅಂತ ನಾಲ್ಕು ಫ್ಯೂಸ್. ಒಂದು ಹೋದರೂ ರಸ್ತೆ ಪೂರ್ತಿ ಕತ್ತಲಾಗಬಾರದು ಅಂತ ಹೀಗೆ ಹಂಚಿದ್ದು.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಬ್ಲಾಕುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಒಂದೇ ತಾಮ್ರದ ಅಥವಾ ಹಿತ್ತಾಳೆಯ ಪಟ್ಟಿ ಇರುತ್ತದೆ, ಬಸ್‌ಬಾರ್ ಅನ್ನುತ್ತಾರೆ. ಒಂದು ದಪ್ಪ ವೈರು ಒಳಗೆ, ಎಲ್ಲ ಫ್ಯೂಸಿಗೂ ಅದರಿಂದಲೇ ಕರೆಂಟ್. ನೋಡಲು ಅಚ್ಚುಕಟ್ಟು. ನಾನು ಮೊದಲ ಸಲ ಮಾಡಿದಾಗ ಇದನ್ನೇ ತಂದೆ, ಹಳೆ ಬಾಕ್ಸಿನ ಒಂದೊಂದೇ ವೈರನ್ನು ಇದಕ್ಕೆ ಚಂದವಾಗಿ ಜೋಡಿಸಿದೆ. ಬ್ಯಾಟರಿ ಕೊಟ್ಟ ಕೂಡಲೇ ಹೈ ಬೀಮೂ ಲೋ ಬೀಮೂ ಒಟ್ಟಿಗೆ ಉರಿದವು. ಸ್ವಿಚ್ ಆಫ್ ಇತ್ತು. ಏನು ಒತ್ತಿದರೂ ಆರಲಿಲ್ಲ. ಸ್ವಿಚ್ ದಾಟಿ ಬರಬೇಕಾದ ಕರೆಂಟನ್ನು ನಾನು ಬ್ಯಾಟರಿಯಿಂದಲೇ ಕೊಟ್ಟಿದ್ದೆ. ಕಣ್ಣಿಗೆ ಕಂಡ ತಪ್ಪು, ಐದೇ ನಿಮಿಷದಲ್ಲಿ ಗೊತ್ತಾಯಿತು. ಸದಾ ಇರುವ ಕರೆಂಟೂ ಕೀಯ ಕರೆಂಟೂ ಒಂದೇ ಪಟ್ಟಿಗೆ ಸೇರಿಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಆಗ ಕರೆಂಟ್ ಆ ಪಟ್ಟಿಯಿಂದ ಹಿಂದಕ್ಕೆ ಹರಿದು ಇಗ್ನಿಷನ್ನಿಗೆ ಹೋಗುತ್ತದೆ. ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಹೇಗೋ ನಿಲ್ಲಿಸಿದರೂ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ರಾತ್ರಿಯಿಡೀ ಕಾಯುತ್ತಲೇ ಇರಬಹುದು.

ಹಾಗಾಗಿ ಮೊದಲ ದಿನ ಸ್ಪ್ಯಾನರ್ ಮುಟ್ಟಬೇಡಿ. ಒಂದು ನೋಟ್‌ಬುಕ್ಕು ಮತ್ತು ಒಂದು ಟೆಸ್ಟ್ ಲ್ಯಾಂಪ್ (ಒಂದು ತುದಿಯನ್ನು ಗಾಡಿಯ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ನೋಡಬೇಕಾದ ಕಡೆ ತಾಗಿಸುವ ಪುಟ್ಟ ದೀಪ) ಸಾಕು. ಎಲ್ಲ ಫ್ಯೂಸ್ ತೆಗೆದು, ಒಂದೊಂದು ಜಾಗದ ಎರಡೂ ಕ್ಲಿಪ್ಪಿಗೆ ಟೆಸ್ಟ್ ಲ್ಯಾಂಪ್ ತಾಗಿಸಿ ನೋಡಿ. ಫ್ಯೂಸ್ ಇಲ್ಲದಾಗಲೂ ಯಾವ ಕ್ಲಿಪ್ಪಿನಲ್ಲಿ ದೀಪ ಉರಿಯುತ್ತದೋ ಅದು ಕರೆಂಟ್ ಬರುವ ಕಡೆ, ಇನ್ನೊಂದು ಹೋಗುವ ಕಡೆ. ಕೀ ಆಫ್ ಇದ್ದಾಗ ಒಂದು ಸಲ, ಕೀ ಆನ್ ಮಾಡಿ ಒಂದು ಸಲ, ಲೈಟ್ ಸ್ವಿಚ್ಚಿನ ಪ್ರತಿ ಹಂತದಲ್ಲಿ ಒಂದು ಸಲ, ಡಿಪ್ಪರ್ ಆಕಡೆ ಈಕಡೆ ಹಾಕಿ ಒಂದು ಸಲ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತಾ, ಯಾವುದಕ್ಕೆ ಏನೇನು ಜೀವ ಬರುತ್ತದೆ ಬರೆದುಕೊಳ್ಳಿ. ಒಂದು ಸಂಜೆ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಗಾಡಿ ತನ್ನ ಒಳಗನ್ನು ತಾನೇ ತೋರಿಸಿಕೊಡುತ್ತದೆ.

ವೈರಿನ ಬಣ್ಣವೂ ನೆರವಿಗೆ ಬರುತ್ತದೆ, ಆದರೆ ಯಾವ ದೇಶದ ಗಾಡಿ ಅಂತ ನೋಡಿಕೊಂಡು. ಲೂಕಸ್ ಪದ್ಧತಿಯಲ್ಲಿ ಕಂದು ಬ್ಯಾಟರಿಯ ನೇರ ಕರೆಂಟ್, ನೇರಳೆ ಅದೇ ಫ್ಯೂಸ್ ದಾಟಿದ ಮೇಲೆ. ಬಿಳಿ ಇಗ್ನಿಷನ್ನಿನದು, ಹಸಿರು ಅದೇ ಫ್ಯೂಸ್ ದಾಟಿದ ಮೇಲೆ. ಕಪ್ಪು ಅರ್ಥ್, ಅಂದರೆ ಗಾಡಿಯ ಬಾಡಿಗೆ ಸೇರುವ ವೈರು. ಜರ್ಮನ್ ಗಾಡಿಗಳಲ್ಲಿ ಕೆಂಪು ಬ್ಯಾಟರಿ, ಕಪ್ಪು ಇಗ್ನಿಷನ್, ಕಂದು ಅರ್ಥ್. ಅಂದರೆ ಒಂದರಲ್ಲಿ ಬ್ಯಾಟರಿಯ ಕರೆಂಟಿಗೆ ಇರುವ ಬಣ್ಣವೇ ಇನ್ನೊಂದರಲ್ಲಿ ಅರ್ಥಿಗೆ. ಇನ್ನು ಹಿಂದೆ ಯಾರೋ ರಿಪೇರಿ ಮಾಡಿ ಕೈಗೆ ಸಿಕ್ಕ ಬಣ್ಣದ ವೈರು ಹಾಕಿರಬಹುದು. ಬಣ್ಣ ನೋಡಿ ಊಹಿಸಿ, ಲ್ಯಾಂಪ್ ಹಚ್ಚಿ ಖಾತ್ರಿ ಮಾಡಿ.

ನೋಟ್‌ಬುಕ್ಕು ತುಂಬಿದ ಮೇಲೆ ಬ್ಲಾಕ್ ಆರಿಸುವುದು ಸಲೀಸು. ಸದಾ ಇರುವ ಗುಂಪಿಗೆ ಒಂದು ಬಸ್‌ಬಾರ್, ಕೀಯ ಗುಂಪಿಗೆ ಇನ್ನೊಂದು, ಸ್ವಿಚ್ ದಾಟಿ ಬರುವವಕ್ಕೆ ಒಂದೊಂದಕ್ಕೂ ಬೇರೆ ಬೇರೆ ಒಳದಾರಿ ಮತ್ತು ಹೊರದಾರಿ ಇರುವ ಬ್ಲಾಕ್. ಎರಡು ಬಸ್‌ಬಾರ್ ಇರುವ ಒಂದೇ ಬ್ಲಾಕೂ ಸಿಗುತ್ತದೆ. ಒಂದೇ ದೊಡ್ಡದರಲ್ಲಿ ಎಲ್ಲ ಮುಗಿಸುವುದಕ್ಕಿಂತ ಎರಡು ಮೂರು ಚಿಕ್ಕವು ನನಗೆ ಹಿಡಿಸುತ್ತವೆ, ಗುಂಪುಗಳು ಕಣ್ಣಿಗೇ ಬೇರೆ ಕಾಣುತ್ತವೆ. ಪ್ರತಿ ಗುಂಪಿನಲ್ಲೂ ಒಂದೆರಡು ಖಾಲಿ ಜಾಗ ಇರಲಿ. ಮುಚ್ಚಳ ಗಟ್ಟಿಯಾಗಿ ಕೂರಬೇಕು.

ಇನ್ನು ಆಂಪಿನ ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್. 55 ವ್ಯಾಟಿನ ಒಂದು ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 4.6 ಆಂಪ್, ಎರಡಕ್ಕೆ 9ಕ್ಕಿಂತ ಸ್ವಲ್ಪ ಜಾಸ್ತಿ. ಗಾಡಿ 6 ವೋಲ್ಟಿನದಾಗಿದ್ದರೆ ಅಷ್ಟೇ ವ್ಯಾಟಿನ ಬಲ್ಬಿಗೆ ಇದರ ಎರಡರಷ್ಟು. ಮೋಟಾರುಗಳಿಗೆ ಮೀಟರ್ ಹಾಕಿಯೇ ಅಳೆಯಿರಿ, ಏಕೆಂದರೆ ಹಳೆ ಬ್ಲೋವರ್ ಮೋಟಾರು ಎಣ್ಣೆ ಒಣಗಿ ಬಿಗಿದಿದ್ದರೆ ಹೊಸದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ.

ಫ್ಯೂಸ್ ಆರಿಸುವಾಗ, ನಿರಂತರ ಹರಿಯುವ ಕರೆಂಟ್ ಫ್ಯೂಸಿನ ಅಂಕಿಯ ಮುಕ್ಕಾಲು ಭಾಗ ದಾಟದಿರಲಿ. 9 ಆಂಪಿನ ಲೋಡಿಗೆ 15ರ ಫ್ಯೂಸ್. 10 ಆಂಪಿನ ಫ್ಯೂಸ್ ಅಂದರೆ 10.1 ಆಂಪಿಗೆ ಟಪ್ಪಂತ ಹೋಗುವುದಲ್ಲ. ಸಾಮಾನ್ಯ ಬ್ಲೇಡ್ ಫ್ಯೂಸ್ ತನ್ನ ಅಂಕಿಗಿಂತ ಶೇಕಡಾ 10 ಹೆಚ್ಚು ಹರಿದರೆ 100 ಗಂಟೆ ತಾಳುವಂತೆ ಮಾಡಿರುತ್ತಾರೆ. ಶೇಕಡಾ 35 ಹೆಚ್ಚಾದರೆ ಒಂದು ಸೆಕೆಂಡಿಗಿಂತ ಕಡಿಮೆಯಿಂದ ಹಿಡಿದು 10 ನಿಮಿಷದವರೆಗೆ ಯಾವಾಗ ಬೇಕಾದರೂ ಹೋಗಬಹುದು. ಎರಡು ಪಟ್ಟು ಹರಿದರೆ 5 ಸೆಕೆಂಡಿನೊಳಗೆ. ಅಂದರೆ ಸ್ವಲ್ಪ ಹೆಚ್ಚು ಹರಿಯುತ್ತಿರುವಷ್ಟು ಹೊತ್ತೂ ವೈರು ಅದನ್ನು ತಡೆದುಕೊಳ್ಳಬೇಕು. ಹಾಗಾಗಿಯೇ ವೈರು ಯಾವಾಗಲೂ ಫ್ಯೂಸಿಗಿಂತ ಗಟ್ಟಿಗ ಆಗಿರಬೇಕು. ನಾನು ಹಿಡಿದುಕೊಂಡಿರುವ ಜಾಗ್ರತೆಯ ಲೆಕ್ಕ ಹೀಗಿದೆ: 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ 10 ಆಂಪಿನ ಫ್ಯೂಸ್, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30. ಹಳೆ ವೈರಿನ ತೊಗಲು ಬಿರುಕು ಬಿಟ್ಟಿದ್ದರೆ ಯಾವ ಲೆಕ್ಕವೂ ಬೇಡ, ಬದಲಿಸಿ.

ಬ್ಲಾಕಿನಲ್ಲಿ ಜಾಗ ಹೆಚ್ಚಿದರೆ ಗಾಡಿಯಲ್ಲಿ ಕರೆಂಟ್ ಹೆಚ್ಚುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ರಾತ್ರಿ, ಮಳೆ ಅಂದುಕೊಳ್ಳಿ. ಹೆಡ್‌ಲೈಟು, ಹಿಂದೆ ಮುಂದೆ ಚಿಕ್ಕ ದೀಪ, ಮೀಟರಿನ ದೀಪ ಎಲ್ಲ ಸೇರಿ 145 ವ್ಯಾಟ್, ಅಂದರೆ 12 ಆಂಪ್. ವೈಪರಿಗೆ 4, ಬ್ಲೋವರಿಗೆ 8, ಇಗ್ನಿಷನ್ನಿಗೆ 4. ಒಟ್ಟು 28. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಬರುತ್ತಿದ್ದ ಲೂಕಸ್ ಸಿ40 ಡೈನಮೋ ಪೂರ್ತಿ ಓಡಿದರೂ ಕೊಡುವುದು 22 ಆಂಪ್. ಉಳಿದದ್ದನ್ನು ಬ್ಯಾಟರಿ ತನ್ನ ಗಂಟಿನಿಂದ ಕೊಡುತ್ತಿರುತ್ತದೆ. ಖಾಲಿ ಜಾಗ ಇದೆ ಅಂತ ಸುಮ್ನೆ ಒಂದೊಂದು ಹೊಸ ಸಾಮಾನು ಸೇರಿಸುವ ಮುಂಚೆ ಈ ಕೂಡಿಕೆ ಒಮ್ಮೆ ಮಾಡಿ ನೋಡಿ.

ಬ್ಯಾಟರಿಯಿಂದ ಬ್ಲಾಕಿಗೆ ಬರುವ ದಪ್ಪ ವೈರಿಗೂ ಒಂದು ಫ್ಯೂಸ್ ಬೇಕೇ ಬೇಕು. ಇದನ್ನು ಬಿಟ್ಟವರು ಬಹಳ. ಬ್ಲಾಕಿನಲ್ಲಿರುವ ಫ್ಯೂಸುಗಳು ಬ್ಲಾಕಿನಿಂದ ಮುಂದಿನ ವೈರುಗಳನ್ನು ನೋಡಿಕೊಳ್ಳುತ್ತವೆ, ಅದರ ಹಿಂದಿನದಕ್ಕೆ ಅವು ಏನೂ ಮಾಡಲಾರವು. ಆ ದಪ್ಪ ವೈರು ಎಂಜಿನ್ ಕೋಣೆಯ ತಗಡನ್ನು ದಾಟುವ ಕಡೆ ಉಜ್ಜಿಹೋದರೆ ಬೆಂಕಿಯೇ. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ, ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್, ಅಂದರೆ ರಬ್ಬರಿನ ಬಳೆ, ಇರಲಿ. ಒಟ್ಟು ಲೋಡು 40 ಆಂಪಿನ ಆಸುಪಾಸು ಇದ್ದರೆ 10 ಚದರ ಮಿಲಿಮೀಟರಿನ ವೈರು, 60 ಆಂಪಿನ ಮುಖ್ಯ ಫ್ಯೂಸ್ ಸಾಕು. ಬ್ಲಾಕಿನ ಮೇಲೆ ಬರೆದಿರುವ ಒಟ್ಟು ಆಂಪನ್ನು ಮುಖ್ಯ ಫ್ಯೂಸ್ ಮೀರಬಾರದು.

ಕೀಯ ಗುಂಪಿಗೆ ಕರೆಂಟ್ ಕೊಡುವ ಕೆಲಸವನ್ನು ಹಳೆ ಇಗ್ನಿಷನ್ ಸ್ವಿಚ್ಚಿನ ತಲೆಗೆ ಹಾಕಬೇಡಿ, ಪಾಪ ಅದೂ ಅಷ್ಟೇ ಹಳೆಯದು. ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಸ್ವಿಚ್ಚಿನಿಂದ ಬಂದ ವೈರು ರಿಲೇಯ 86 ಅಂತ ಬರೆದ ಕಾಲಿಗೆ, 85 ಅರ್ಥಿಗೆ, ಮುಖ್ಯ ಫ್ಯೂಸ್ ದಾಟಿ ಬಂದ ದಪ್ಪ ವೈರು 30ಕ್ಕೆ, 87ರಿಂದ ಬಸ್‌ಬಾರಿಗೆ. ರಿಲೇಯ ಸುರುಳಿ ಎಳೆಯುವುದು 0.2 ಆಂಪಿನಷ್ಟು, ಸ್ವಿಚ್ಚಿಗೆ ಅದೊಂದು ಭಾರವೇ ಅಲ್ಲ. ಹೆಡ್‌ಲೈಟಿಗೂ ಹೀಗೇ ರಿಲೇ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತಂತಿ ಉರಿಯುವ ಬಲ್ಬಿನಲ್ಲಿ 12 ವೋಲ್ಟಿನ ಬದಲು 11 ಬಂದರೆ ಬೆಳಕು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಹಳೆ ಸ್ವಿಚ್ಚು, ಹಳೆ ವೈರು, ಹಳೆ ಕ್ಲಿಪ್ಪು ಸೇರಿ ಆ ಒಂದು ವೋಲ್ಟನ್ನು ನುಂಗುತ್ತಿರುತ್ತವೆ.

ರಿಲೇ ಹಾಕಿದ ಮೇಲೆ ಕೆಲವು ಗಾಡಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ: ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗುತ್ತಿರುವಾಗ ಅದರ ಚಾರ್ಜ್ ದೀಪದ ವೈರಿನಿಂದ ಹಿಂದಕ್ಕೆ ಹರಿಯುವ ಸಣ್ಣ ಕರೆಂಟೇ ರಿಲೇಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಚಾರ್ಜ್ ದೀಪದ ವೈರಿನಲ್ಲಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ನಿಲ್ಲುತ್ತದೆ. ಡಯೋಡಿನ ದಿಕ್ಕು ಇಗ್ನಿಷನ್ನಿನಿಂದ ಆಲ್ಟರ್ನೇಟರ್ ಕಡೆಗೆ ಇರಬೇಕು.

ಎಲ್ಲವನ್ನೂ ಹೊಸ ಬ್ಲಾಕಿಗೆ ತರುವ ಹುಮ್ಮಸ್ಸಿನಲ್ಲಿ ಮುಟ್ಟಬಾರದ ಕೆಲವು ಇವೆ. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ ಇಲ್ಲಿಗೆ ಬರುವುದಿಲ್ಲ. ಎಷ್ಟೋ ಹಳೆ ಗಾಡಿಗಳಲ್ಲಿ ಇಗ್ನಿಷನ್ ಕಾಯಿಲಿಗೆ ಫ್ಯೂಸೇ ಇರುವುದಿಲ್ಲ, ಓಡುವ ಗಾಡಿ ನಡುರಸ್ತೆಯಲ್ಲಿ ನಿಲ್ಲಬಾರದು ಅಂತ ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಅದನ್ನು ಹಾಗೇ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇನ್ನೂ ಕೆಲವು ಗಾಡಿಗಳಲ್ಲಿ ಕಾಯಿಲಿಗೆ ಹೋಗುವ ವೈರೇ, ಕರೆಂಟಿಗೆ ಅಡ್ಡಿಯಾಗಲಿ ಅಂತ ಬೇಕೆಂದು ಮಾಡಿದ ರೆಸಿಸ್ಟೆನ್ಸ್ ವೈರು. ಅದನ್ನು ಹಳೆಯದಾಯಿತು ಅಂತ ಸಾಮಾನ್ಯ ತಾಮ್ರದ ವೈರಿಗೆ ಬದಲಿಸಿದರೆ ಕಾಯಿಲಿಗೂ ಪಾಯಿಂಟಿಗೂ (ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್ಚು) ತಾಳಲಾರದಷ್ಟು ಕರೆಂಟ್ ಹೋಗುತ್ತದೆ.

ಹೆಡ್‌ಲೈಟಿನ ಫ್ಯೂಸುಗಳನ್ನು ಒಂದೇ ಮಾಡಬೇಡಿ. ಮೊದಲು ಒಂದೇ ಇದ್ದರೆ ಈಗ ಎಡಕ್ಕೆ ಬಲಕ್ಕೆ ಬೇರೆ ಮಾಡಿ.

ಬ್ಲಾಕ್ ಎಲ್ಲಿ ಕೂರಿಸಬೇಕು? ನೀರು ಬೀಳದ, ಎಂಜಿನ್ ಬಿಸಿ ತಾಗದ, ನಿಂತಲ್ಲೇ ಕೈಗೆ ಸಿಗುವ ಜಾಗ. ರಾತ್ರಿ ಟಾರ್ಚು ಬಾಯಲ್ಲಿ ಹಿಡಿದು ಮಲಗಿ ನೋಡುವಂಥ ಕಡೆ ಬೇಡ. ವೈರುಗಳು ಬ್ಲಾಕಿಗೆ ಕೆಳಗಿನಿಂದ ಬರಲಿ, ಆಗ ವೈರಿನ ಮೇಲೆ ಇಳಿದ ನೀರು ಬ್ಲಾಕಿನೊಳಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಕೆಲಸ ಶುರು ಮಾಡುವಾಗ ಮೊದಲು ಬಿಚ್ಚಬೇಕಾದದ್ದು ಗಾಡಿಯ ಬಾಡಿಗೆ ಜೋಡಿಸಿರುವ ಬ್ಯಾಟರಿ ತಂತಿ. ಬಹುಪಾಲು ಗಾಡಿಗಳಲ್ಲಿ ಅದು ನೆಗೆಟಿವ್. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವನ್ನು ಬಾಡಿಗೆ ಜೋಡಿಸಿರುವುದೂ ಇದೆ. ಫ್ಯೂಸಿಗೆ ಯಾವ ದಿಕ್ಕಾದರೂ ಒಂದೇ, ಆದರೆ ಡಯೋಡ್ ಇರುವ ರಿಲೇಗೂ ಎಲ್‌ಇಡಿಗೂ ಒಂದೇ ಅಲ್ಲ. ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಚೀಟಿ ಅಂಟಿಸಿ, ಒಂದನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹಾಕಿ ಮುಗಿಸಿದ ಮೇಲೇ ಇನ್ನೊಂದನ್ನು ಮುಟ್ಟಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಚೀಟಿ ಇದ್ದರೂ ತಲೆ ಕೆಡುತ್ತದೆ.

ಹೊಸ ಬ್ಲಾಕ್ ಹಾಕಿದ ಗಾಡಿಗಳಲ್ಲಿ ಮತ್ತೆ ತೊಂದರೆ ಬರುವುದು ಬಹಳ ಸಲ ವೈರಿನ ತುದಿಯಲ್ಲಿ. ಲಗ್ಗನ್ನು, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಣುಕನ್ನು, ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿ ಕೂರಿಸಿರುತ್ತಾರೆ. ನೋಡಲು ಗಟ್ಟಿ, ಒಳಗೆ ಎಳೆಗಳು ಸಡಿಲ. ಕ್ರಿಂಪಿಂಗ್ ಟೂಲ್ ಬೇಕು, ಒತ್ತು ಪೂರ್ತಿಯಾಗುವವರೆಗೆ ಬಿಡದ ರ‍್ಯಾಚೆಟ್ ಇರುವಂಥದ್ದು. ಲಗ್ಗಿನ ತೋಳಿನ ಬಣ್ಣಕ್ಕೂ ಅರ್ಥ ಇದೆ: ಕೆಂಪು 1.5 ಚದರ ಮಿಲಿಮೀಟರ್ ತನಕ, ನೀಲಿ 2.5 ತನಕ, ಹಳದಿ 4ರಿಂದ 6. ಪ್ರತಿಯೊಂದನ್ನೂ ಹಾಕಿದ ಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಈಗ ಕಿತ್ತು ಬಂದರೆ ಒಳ್ಳೆಯದೇ, ರಸ್ತೆಯಲ್ಲಿ ಬರುವುದಿಲ್ಲ. ಬೆಸುಗೆ ಹಾಕಬಾರದಾ ಅಂತ ಕೇಳುತ್ತಾರೆ. ಬೆಸುಗೆ ಕರಗಿ ಎಳೆಗಳ ಒಳಗೆ ಏರಿದ ಕಡೆ ವೈರು ಕಡ್ಡಿಯಂತಾಗುತ್ತದೆ, ಗಾಡಿಯ ಅದುರಿಗೆ ಆ ಗಡಿಯಲ್ಲೇ ತುಂಡಾಗುತ್ತದೆ. ಹಾಕಲೇಬೇಕಾದರೆ ಅದರ ಪಕ್ಕದಲ್ಲೇ ವೈರನ್ನು ಅಲುಗದಂತೆ ಕಟ್ಟಿ. ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದರೆ ತೇವವೂ ಒಳಗೆ ಹೋಗುವುದಿಲ್ಲ.

ಅರ್ಥಿನ ಕಡೆಯನ್ನೂ ಇದೇ ಕೈಯಲ್ಲಿ ಮುಗಿಸಿಬಿಡಿ. ಬಣ್ಣ ಕೆರೆದು, ಬರಿಯ ಲೋಹಕ್ಕೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ. ಫ್ಯೂಸ್ ಬ್ಲಾಕ್ ಎಷ್ಟೇ ಹೊಸದಾದರೂ ಹೋದ ಕರೆಂಟ್ ವಾಪಸ್ ಬರುವುದು ಅದೇ ಹಳೆ ಬಾಡಿಯ ಮೂಲಕ ಅಲ್ವಾ.

ಮೊದಲ ಸಲ ಕರೆಂಟ್ ಕೊಡುವಾಗ ನೇರವಾಗಿ ಬ್ಯಾಟರಿ ಜೋಡಿಸಬೇಡಿ. ಎಲ್ಲ ಫ್ಯೂಸ್ ತೆಗೆದಿಟ್ಟು, ಬ್ಯಾಟರಿ ಕಂಬಕ್ಕೂ ಬಿಚ್ಚಿದ ಅರ್ಥ್ ತಂತಿಗೂ ನಡುವೆ 21 ವ್ಯಾಟಿನ ಒಂದು ಬ್ರೇಕ್ ಲೈಟ್ ಬಲ್ಬು ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೇ. ಅದರ ಮೂಲಕ 2 ಆಂಪಿಗಿಂತ ಹೆಚ್ಚು ಹರಿಯಲಾರದು, ಯಾವ ವೈರೂ ಸುಡುವುದಿಲ್ಲ. ಬಲ್ಬು ಉರಿಯದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಎಲ್ಲ ಸ್ವಿಚ್ಚೂ ಆಫ್ ಇದ್ದು, ಒಂದು ಫ್ಯೂಸ್ ಹಾಕಿದಾಗ ಬಲ್ಬು ಜೋರಾಗಿ ಹತ್ತಿದರೆ ತಪ್ಪು ಆ ದಾರಿಯಲ್ಲಿದೆ. ಬಾಗಿಲು ಮುಚ್ಚಿಡುವುದು ಮರೆಯಬೇಡಿ, ಒಳಗಿನ ದೀಪ ಉರಿದು ಸುಮ್ಮನೆ ಗಾಬರಿಯಾಗುತ್ತದೆ.

ಎಲ್ಲ ಸರಿ ಕಂಡ ಮೇಲೆ ಬಲ್ಬು ತೆಗೆದು ಬ್ಯಾಟರಿ ಜೋಡಿಸಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯಲಿ. ಮಲ್ಟಿಮೀಟರನ್ನು ವೋಲ್ಟಿನಲ್ಲಿಟ್ಟು ಒಂದು ಕಡ್ಡಿ ಫ್ಯೂಸಿಗೆ ಬರುವ ವೈರಿನ ಲಗ್ಗಿಗೆ, ಇನ್ನೊಂದು ಹೋಗುವ ವೈರಿನ ಲಗ್ಗಿಗೆ ತಾಗಿಸಿ. ಫ್ಯೂಸಿನ ಸ್ವಂತ ಅಡ್ಡಿಯೂ ಸೇರಿ 0.1 ವೋಲ್ಟಿನ ಆಸುಪಾಸು ಬಂದರೆ ಖುಷಿ ಪಡಬಹುದು, 0.2 ದಾಟಿದರೆ ಆ ಜೋಡಣೆ ಬಿಚ್ಚಿ ಮತ್ತೆ ಮಾಡಿ. ಹಳೆ ಬಾಕ್ಸ್ ಬಿಚ್ಚುವ ಮುಂಚೆಯೇ ಇದೇ ಅಳತೆ ಬರೆದಿಟ್ಟುಕೊಂಡಿದ್ದರೆ, ಎರಡನ್ನೂ ಪಕ್ಕಪಕ್ಕ ನೋಡುವುದು ಬಹಳ ಸಮಾಧಾನ ಕೊಡುತ್ತದೆ.

ಕೊನೆಗೆ, ಯಾವ ಜಾಗಕ್ಕೆ ಯಾವ ಫ್ಯೂಸ್, ಎಷ್ಟು ಆಂಪ್, ಯಾವ ಗುಂಪು ಅಂತ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಪ್ರತಿ ಬಣ್ಣದ್ದೂ ಎರಡು ಹೆಚ್ಚುವರಿ ಫ್ಯೂಸ್ ಪಕ್ಕದಲ್ಲೇ ಇಡಿ. ಒಂದು ವಾರ ಓಡಿಸಿದ ಮೇಲೆ, ಅರ್ಧ ಗಂಟೆ ಎಲ್ಲ ದೀಪ ಉರಿಸಿ, ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು ಒಂದೊಂದು ಫ್ಯೂಸಿನ ತಲೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಉಗುರುಬೆಚ್ಚಗೆ ಇದ್ದರೆ ಸರಿ. ಒಂದೇ ಒಂದು ಉಳಿದವಕ್ಕಿಂತ ಬಿಸಿ ಇದ್ದರೆ ಅದರ ಹಿಂದಿನ ಲಗ್ಗನ್ನು ಬಿಚ್ಚಿ ನೋಡಿ.